ಕಲ್ಲು, ಸುಣ್ಣ, ಹೆಸರು

ಕುಂಬಳೆ ಸಮೀಪ, ಕಾಸರಗೋಡು
2025 ಅಕ್ಟೋಬರ್ 28, ಮಂಗಳವಾರ

ಈ ವರ್ಷ ನವೆಂಬರ್ 2, ಮೃತ ವಿಶ್ವಾಸಿಗಳ ಸ್ಮರಣೆಯ ದಿನ, ಭಾನುವಾರ ಬಂದಿದೆ. ಭಾನುವಾರದ ಪೂಜೆ ಸುಲಭದಲ್ಲಿ ಬೇರೆ ಸ್ಮರಣೆಗೆ ಜಾಗ ಬಿಡುವುದಿಲ್ಲ. ಈ ಸ್ಮರಣೆಗೆ ಮಾತ್ರ ಬಿಡುತ್ತದೆ. ಆ ದಿನ ಭಾನುವಾರದ ಮಹಿಮಾಗೀತೆ (ಗ್ಲೋರಿಯಾ) ಇಲ್ಲ. ಪೂಜೆ ಮುಗಿದ ಕೂಡಲೇ ಇಗರ್ಜಿಯ ಜನವೆಲ್ಲ ಸಮಾಧಿಭೂಮಿಗೆ ಬರುತ್ತದೆ. ಶನಿವಾರ ಸಕಲ ಸಂತರ ಹಬ್ಬ. ಆದ್ದರಿಂದ ಗೋರಿಗಳನ್ನು ತೊಳೆದು ಸುಣ್ಣ ಬಳಿಯುವ ಕೆಲಸಕ್ಕೆ ಉಳಿದದ್ದು ಇವತ್ತು ಸೇರಿ ನಾಲ್ಕು ದಿನ, ಅದರಲ್ಲೂ ಮಧ್ಯಾಹ್ನದ ಗುಡುಗು ಮಳೆ ಬಂದರೆ ಅರ್ಧರ್ಧ ದಿನ.

ಇವತ್ತಿನದು ಹುಲ್ಲು ಮತ್ತು ಪಾಚಿ. ಹುಲ್ಲನ್ನು ಕತ್ತಿಯಲ್ಲಿ ಬುಡದಿಂದ ಎರಡು ಬೆರಳು ಬಿಟ್ಟು ಸವರಬೇಕು. ಕಳೆನಾಶಕ ಹೊಡೆದರೆ ಒಂದೇ ದಿನದ ಕೆಲಸ ನಿಜ. ಆದರೆ ಬೇರು ಸತ್ತ ಮಣ್ಣು ಮುಂದಿನ ಮಳೆಗಾಲದಲ್ಲಿ ಕೊಚ್ಚಿ ಹೋಗಿ ಗೋರಿ ಒಂದು ಬದಿಗೆ ವಾಲುತ್ತದೆ. ಬಿರುಕಿನಲ್ಲಿ ಹುಟ್ಟಿದ ಅಶ್ವತ್ಥದ ಸಸಿಯನ್ನು ಎಳೆದು ಕೀಳುವ ಉಮೇದು ಎಲ್ಲರಿಗೂ ಇರುತ್ತದೆ. ಎಳೆದರೆ ಬೇರಿನ ಜೊತೆ ಗಾರೆಯೂ ಬರುತ್ತದೆ. ಬುಡಕ್ಕೆ ಸರಿಯಾಗಿ ಕತ್ತರಿಸಿ, ಚಿಗುರಿದಾಗಲೆಲ್ಲ ಮತ್ತೆ ಕತ್ತರಿಸಿ ಸೊರಗಿಸುವುದೇ ದಾರಿ.

ಪಾಚಿಗೆ ನೀರು, ಬಿದಿರಿನ ಸೀಳು, ಮೆತ್ತಗಿನ ನೈಲಾನ್ ಬ್ರಷ್. ಇಷ್ಟೇ. ಮೊದಲು ಇಡೀ ಕಲ್ಲನ್ನು ನೀರಿನಲ್ಲಿ ನೆನೆಸಬೇಕು. ಒಣಕಲ್ಲನ್ನು ಉಜ್ಜಿದರೆ ಕೊಳೆನೀರನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಉಜ್ಜುವುದು ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ಇಳಿದ ನೀರಿನ ಗೆರೆ ಕೆಳಗಿನ ಒಣಭಾಗದಲ್ಲಿ ಕೂತುಬಿಡುತ್ತದೆ. ಬಚ್ಚಲು ತೊಳೆಯುವ ಆಸಿಡ್ ತರುವವರು ಪ್ರತಿವರ್ಷ ಒಬ್ಬರಾದರೂ ಇರುತ್ತಾರೆ. ಅಮೃತಶಿಲೆಯ ಮೇಲೆ ಬಿದ್ದಾಗ ಬುಸುಗುಟ್ಟುತ್ತದಲ್ಲ, ಅದು ಕೊಳೆ ಹೋಗುವ ಸದ್ದಲ್ಲ, ಕಲ್ಲೇ ಕರಗುವ ಸದ್ದು. ಬ್ಲೀಚಿಂಗ್ ನೀರು ಆ ಹೊತ್ತಿಗೆ ಬೆಳ್ಳಗೆ ಮಾಡುತ್ತದೆ, ಆದರೆ ಒಳಗೆ ಉಳಿದ ಉಪ್ಪು ಬೇಸಿಗೆಯಲ್ಲಿ ಹರಳುಗಟ್ಟಿ ಮೇಲ್ಪದರವನ್ನು ಸಿಪ್ಪೆ ಸಿಪ್ಪೆಯಾಗಿ ಎಬ್ಬಿಸುತ್ತದೆ. ಕಾರು ತೊಳೆಯುವ ಪಂಪಿನ ಮಾತನ್ನಂತೂ ಎತ್ತಬಾರದು.

ನಾಳೆಯಿಂದ ಸುಣ್ಣ. ನಮ್ಮ ಕಡೆಯ ಹಳೆಯ ಗೋರಿಗಳೆಲ್ಲ ಮುರಕಲ್ಲಿನವು (ಜಂಬಿಟ್ಟಿಗೆ), ಮೇಲೆ ಸುಣ್ಣದ ಗಾರೆ. ಮುರಕಲ್ಲು ನೆಲದ ತೇವವನ್ನು ಹೀರುತ್ತಲೇ ಇರುತ್ತದೆ, ಸುಣ್ಣದ ಪದರ ಅದನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಕೂತು, ಏಳೆಂಟು ಮಳೆಗಾಲದಲ್ಲಿ ಸಿಮೆಂಟ್ ಹಲಗೆಯಂತೆ ಕಳಚಿ ಬೀಳುತ್ತದೆ, ಕಲ್ಲಿನ ಮುಖವನ್ನೂ ಕಿತ್ತುಕೊಂಡು. ಅಜ್ಜನ ಗೋರಿಗೆ ಗಟ್ಟಿ ಕೆಲಸ ಆಗಲಿ ಎಂದು ಗಲ್ಫಿನಿಂದ ದುಡ್ಡು ಕಳಿಸಿದವರಿಗೆ ಇದನ್ನು ಹೇಳುವುದು ಕಷ್ಟ. ಆದರೂ ಹೇಳಬೇಕು.

ಸುಣ್ಣ ಅರಳಿಸುವಾಗ ನೀರಿಗೆ ಸುಣ್ಣ ಹಾಕುವುದು, ಸುಣ್ಣಕ್ಕೆ ನೀರು ಹೊಯ್ಯುವುದಲ್ಲ. ಹೊಯ್ದರೆ ಕುದಿದು ಸಿಡಿಯುತ್ತದೆ, ಕಣ್ಣು ಹೋಗುವ ಅಪಾಯವಿದೆ. ತೆಳು ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ಮೆತ್ತಗಾಗುತ್ತದೆ, ಕಬ್ಬಿಣದ ಡ್ರಮ್ ಒಳ್ಳೆಯದು. ಎರಡು ವಾರವಾದರೂ ನೀರಿನಡಿ ಕೂತ ಸುಣ್ಣ ಬೇಕು. ಈಗ ಹೊಸದಾಗಿ ಅರಳಿಸಲು ಹೊತ್ತಿಲ್ಲ, ತಿಂಗಳ ಆರಂಭದಲ್ಲಿ ಅರಳಿಸಿಟ್ಟದ್ದೇ ಗತಿ. ಒಂದು ಪಾಲು ಗಟ್ಟಿಸುಣ್ಣಕ್ಕೆ ಮೂರು ಪಾಲು ನೀರು, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳು. ಗೋರಿಯನ್ನು ಮೊದಲು ಒದ್ದೆ ಮಾಡಿ ದಿನಕ್ಕೊಂದರಂತೆ ಮೂರು ಕೈ. ದಪ್ಪವಾಗಿ ಒಂದೇ ಕೈಯಲ್ಲಿ ಮುಗಿಸಿದರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುವ ಮೊದಲೇ ಒಣಗುತ್ತದೆ, ಭಾನುವಾರ ಬಂದವರ ಕಪ್ಪು ಪ್ಯಾಂಟಿಗೆಲ್ಲ ಬಿಳಿ ಪುಡಿ. ಅಂಟಲಿ ಎಂದು ಉಪ್ಪು ಬೆರೆಸುವ ರೂಢಿ ಮುರಕಲ್ಲಿಗೆ ಬೇಡ. ಗಾರೆ ಬಿದ್ದಲ್ಲಿ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಳೆಮರಳಿನ ತೇಪೆ ಬೇಕು. ಅದನ್ನು ಈ ವಾರ ಮುಟ್ಟುವುದು ಬೇಡ, ಮಳೆ ಪೂರ್ತಿ ನಿಂತ ಮೇಲೆ ನೋಡಬಹುದು.

ಭಾನುವಾರ ಓದುವ ಮೃತರ ಪಟ್ಟಿಗಾಗಿ ಕಲ್ಲಿನ ಬರಹ ಓದುವುದಕ್ಕೆ ಬೆಳಗ್ಗೆ ಏಳರಿಂದ ಎಂಟರ ಓರೆಬಿಸಿಲು ಸರಿಯಾದ ಹೊತ್ತು. ನಡುಹಗಲು ಸಪಾಟಾಗಿ ಕಾಣುವ ಕಲ್ಲಿನಲ್ಲಿ ಆಗ ಅಕ್ಷರದ ನೆರಳು ಏಳುತ್ತದೆ. ಬಿಸಿಲು ತಾಗದ ಕಡೆ ಕನ್ನಡಿಯಲ್ಲಿ ಬೆಳಕನ್ನು ಪಕ್ಕದಿಂದ ಹಾಯಿಸಬೇಕು. ಸೀಮೆಸುಣ್ಣ, ಹಿಟ್ಟು, ಎಣ್ಣೆ ತಿಕ್ಕಬಾರದು. ಲ್ಯಾಟಿನ್, ಇಂಗ್ಲಿಷ್, ಕನ್ನಡ ಅಕ್ಷರದ ಕೊಂಕಣಿ, ರೋಮನ್ ಅಕ್ಷರದ ಕೊಂಕಣಿ, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ಸವೆದ ಕಲ್ಲಿನಲ್ಲಿ 1 ಮತ್ತು 7, 3 ಮತ್ತು 8 ಮೋಸ ಮಾಡುತ್ತವೆ. ಊಹೆ ಮಾಡಿ ಬರೆದರೆ ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ದಾಖಲೆಯಾಗುತ್ತದೆ. ‘ಓದಲಾಗಲಿಲ್ಲ’ ಎಂದು ಬರೆದು, ಎಷ್ಟನೆಯ ಸಾಲು, ಪಾಗಾರದಿಂದ (ಸುತ್ತುಗೋಡೆಯಿಂದ) ಎಷ್ಟನೆಯದು ಎಂದು ನಮೂದಿಸುವುದು ಮೇಲು.

ಕಲ್ಲು ಕೈಕೊಟ್ಟಲ್ಲಿ ಇಗರ್ಜಿಯ ಮರಣದ ಪುಸ್ತಕ. ಹಳೆಯ ಪುಟಗಳ ಲ್ಯಾಟಿನ್ ಓದುವಾಗ ಎರಡು ತಪ್ಪು ಪದೇ ಪದೇ ಆಗುತ್ತವೆ. ‘ಫೀಲಿಯುಸ್ ಆಂತೋನಿಯಿ’ ಎಂದರೆ ಆಂತೋನಿಯ ಮಗ. ತಂದೆಯ ಹೆಸರು ಆಂತೋನಿಯುಸ್, ‘ಆಂತೋನಿಯಿ’ ಎಂಬುದು ಷಷ್ಠಿ ವಿಭಕ್ತಿ. ಅದನ್ನೇ ಹೆಸರೆಂದು ವಂಶವೃಕ್ಷದಲ್ಲಿ ಬರೆದವರಿದ್ದಾರೆ. ಇನ್ನೊಂದು ‘ಪ್ರೀದಿಯೆ’, ಹಿಂದಿನ ದಿನ ಎಂದು ಅರ್ಥ. ಅದನ್ನು ಬಿಟ್ಟು ಓದಿದರೆ ಮಣ್ಣು ಮಾಡಿದ ತಾರೀಕೇ ಸತ್ತ ತಾರೀಕಾಗುತ್ತದೆ. ಮನೆಯಲ್ಲಿ ಜುವಾಂವ್ ಆಗಿದ್ದವರು ಪುಸ್ತಕದಲ್ಲಿ ಯೋವಾನ್ನೆಸ್, ಲುವಿಸ್ ಆಗಿದ್ದವರು ಲುದೊವೀಕುಸ್. ಸರಕಾರಿ ದಾಖಲೆ ಹುಡುಕುವವರಿಗೆ ಇನ್ನೊಂದು ತೊಡಕು: ಊರು ಇದ್ದಲ್ಲೇ ಇದೆ, ಜಿಲ್ಲೆ ಬದಲಾಗಿದೆ. 1956 ನವೆಂಬರ್ 1ಕ್ಕೆ ಮೊದಲು ದಕ್ಷಿಣ ಕನ್ನಡ, ಎರಡು ತಿಂಗಳು ಮಲಬಾರ್, 1957ರಿಂದ ಕಣ್ಣೂರು, 1984 ಮೇ 24ರಿಂದ ಕಾಸರಗೋಡು.

ಪುಟ ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಂಡರೆ ಸಾಕು, ಗ್ಲೌಸ್ ಹಾಕಿದರೆ ಬೆರಳಿಗೆ ಕಾಗದದ ಅಂಚು ತಿಳಿಯದೆ ಹರಿಯುತ್ತದೆ. ಹಳೆಯ ಕಬ್ಬಿಣದ ಶಾಯಿ ತಾನಾಗಿಯೇ ಕಾಗದವನ್ನು ತಿನ್ನುತ್ತಿರುತ್ತದೆ. ಅದರ ಮೇಲೆ ಸೆಲ್ಲೋಟೇಪ್, ಲ್ಯಾಮಿನೇಷನ್ ಎರಡೂ ಬೇಡ.

ಈ ಪುಸ್ತಕಗಳಲ್ಲಿ ಹೆಂಗಸರು ಬರುವ ರೀತಿ ನೋಡಿ: ‘ಉಕ್ಸೊರ್’, ಇಂಥವನ ಹೆಂಡತಿ, ‘ವೀದುವಾ’, ಇಂಥವನ ವಿಧವೆ. ಎಷ್ಟೋ ಕಡೆ ಅಷ್ಟೇ. ಅದಕ್ಕಿಂತಲೂ ಹಿಂದೆ ಸರಿದು ನಿಂತವಳು ದೀಕ್ಷಾಸ್ನಾನದ ಪುಸ್ತಕದ ಸೂಲಗಿತ್ತಿ. ಮಗು ಉಳಿಯುವುದಿಲ್ಲ ಅನಿಸಿದ ಗಳಿಗೆಯಲ್ಲಿ ಪಾದ್ರಿಗಳಿಗೆ ಕಾಯದೆ ಮನೆಯಲ್ಲೇ ತಲೆಯ ಮೇಲೆ ನೀರು ಹೊಯ್ದವಳು. ಇಗರ್ಜಿಯ ಕಟ್ಟಳೆಯಂತೆ ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು, ಕ್ರೈಸ್ತರೇ ಆಗಿರಬೇಕೆಂದಿಲ್ಲ. ಇಗರ್ಜಿಗೆ ಬೇಕಾದ ಉದ್ದೇಶವಿದ್ದು, ನೀರು ಹೊಯ್ದು, ತ್ರಿತ್ವದ ಹೆಸರು ಹೇಳಿದರೆ ಅದು ಸಿಂಧು. ಮಗು ಬದುಕಿದರೆ ಮುಂದೆ ಇಗರ್ಜಿಯಲ್ಲಿ ಉಳಿದ ವಿಧಿ ಮಾತ್ರ, ನೀರು ಮತ್ತೆ ಇಲ್ಲ. ಪುಸ್ತಕದಲ್ಲಿ ‘ಆಬ್ ಓಬ್‌ಸ್ತೆತ್ರೀಚೆ’, ಸೂಲಗಿತ್ತಿಯಿಂದ, ಎಂಬ ಎರಡು ಪದ. ಹೆಸರಿಲ್ಲ. ಆ ಮಗು ಬೆಳೆದು, ಮದುವೆಯಾಗಿ, ಇವತ್ತು ಎರಡು ಬೆಂಚು ತುಂಬುವ ಕುಟುಂಬವಾಗಿದ್ದರೂ ಯಾವ ಪಟ್ಟಿಯಲ್ಲೂ ಅವಳಿಲ್ಲ.

ಬೈಬಲಿನಲ್ಲಿ ಸಂತ ಪೌಲರು ರೋಮನರಿಗೆ ಬರೆದ ಪತ್ರದ 16ನೇ ಅಧ್ಯಾಯ ಇಂಥದೇ ಪುಸ್ತಕ. ಸಾಲುಸಾಲು ವಂದನೆ. ಬೋಧನೆಗೆ ಒದಗುವುದಿಲ್ಲವೆಂದು ಓದುವವರು ಹಾರಿಸಿಬಿಡುತ್ತಾರೆ. ದುಡಿದವರು ಎಂದು ಮರಿಯಾ, ತ್ರುಫೈನ, ತ್ರುಫೋಸ, ಪೆರ್ಸಿ ಅಲ್ಲಿ ಹೆಸರಾಗಿ ಬರುತ್ತಾರೆ. ಪತ್ರವನ್ನು ಕೈಯಲ್ಲಿ ಬರೆದ ತೆರ್ತ್ಯ 22ನೇ ವಚನದಲ್ಲಿ ತಾನೇ ವಂದನೆ ಹೇಳಿಕೊಳ್ಳುತ್ತಾನೆ. ಆದರೆ ರೂಫನ ತಾಯಿ, ನನಗೂ ತಾಯಿಯಾದವಳು ಎಂದು ಪೌಲ ಹೇಳಿದವಳು, ರೂಫನ ತಾಯಿಯಾಗಿಯೇ ಉಳಿದಳು. ನೇರ್ಯನ ಜೊತೆಗೆ ‘ಅವನ ತಂಗಿ’. ಪೌಲ ಅವರನ್ನು ಬಿಡಲಿಲ್ಲ. ಹೆಸರಿಲ್ಲದವರಿಗೂ ಸಾಲು ಕೊಟ್ಟ. ನಮ್ಮ ಪಟ್ಟಿಯ ಮಾದರಿ ಇದು.

ಹೆಸರಿದ್ದವರ ನೆನಪೂ ಅಳಿಯುತ್ತದೆ. ಪ್ರತಿವರ್ಷ ಪೂಜೆಯಾಗಲಿ ಎಂದು ತೆಂಗಿನ ತೋಟವನ್ನೋ ಹಣವನ್ನೋ ಬಿಟ್ಟುಹೋದವರ ಏರ್ಪಾಡು ಕಾಲಕ್ರಮದಲ್ಲಿ ನಿಂತುಹೋಗುವುದು ಹೊಸತಲ್ಲ. ಯುರೋಪಿನಲ್ಲಿ ಆಸ್ತಿ ಕೈಬಿಟ್ಟು ಹೀಗೆ ನಿಂತ ಪೂಜೆಗಳನ್ನೂ, ಮಹಾಯುದ್ಧದಲ್ಲಿ ಸಾಯುತ್ತಿದ್ದವರನ್ನೂ ಮನಸ್ಸಿನಲ್ಲಿಟ್ಟು ಹದಿನೈದನೇ ಬೆನೆಡಿಕ್ಟ್ ಪೋಪರು 1915ರಲ್ಲಿ ನವೆಂಬರ್ 2ರಂದು ಪ್ರತಿ ಗುರುವೂ ಮೂರು ಪೂಜೆ ಅರ್ಪಿಸಲು ಅನುಮತಿ ಕೊಟ್ಟರು. ಒಂದು ಗುರುವಿನ ಇಷ್ಟದ ಉದ್ದೇಶಕ್ಕೆ, ಒಂದು ಮೃತರೆಲ್ಲರಿಗೆ, ಒಂದು ಪೋಪರ ಉದ್ದೇಶಕ್ಕೆ. ಹೆಸರು ಕೊಡಲು ಯಾರೂ ಉಳಿದಿಲ್ಲದವರಿಗೆ ಎರಡನೆಯದು ಸೇರುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಸೆರೆಹೋಗಿ ದಾರಿಯಲ್ಲೇ ತೀರಿಕೊಂಡ ಕರಾವಳಿಯ ಕ್ರೈಸ್ತರಿಗೆ ಗೋರಿಯೂ ಇಲ್ಲ, ಪುಸ್ತಕದ ಸಾಲೂ ಇಲ್ಲ. ಅವರೂ ಅದರಲ್ಲೇ.

ಜನರಿಗೆ ಹೇಳಬೇಕಾದದ್ದು: ನವೆಂಬರ್ 1ರಿಂದ 8ರವರೆಗೆ ಸಮಾಧಿಭೂಮಿಗೆ ಬಂದು ಮೃತರಿಗಾಗಿ, ಮನಸ್ಸಿನಲ್ಲೇ ಆದರೂ, ಪ್ರಾರ್ಥಿಸಿದರೆ ಮೃತರ ಪಾಲಿಗೆ ಪೂರ್ಣ ದಂಡವಿಮೋಚನೆ, ಅಂದರೆ ಪಾಪದ ಶಿಕ್ಷೆಯ ಪೂರ್ತಿ ಮಾಫಿ. ಜೊತೆಗೆ ಪಾಪನಿವೇದನೆ, ಪರಮಪ್ರಸಾದ, ಪೋಪರ ಉದ್ದೇಶಕ್ಕೆ ಪ್ರಾರ್ಥನೆ, ಪಾಪದ ಮೇಲಿನ ಮೋಹ ಬಿಡುವುದು. ದಿನಕ್ಕೊಂದೇ. ಮೇಣದಬತ್ತಿಯನ್ನು ಕಲ್ಲಿಗೆ ಅಂಟಿಸಬಾರದು, ಮೇಣ ಸುಣ್ಣದೊಳಗೆ ಇಳಿದರೆ ಮುಂದಿನ ವರ್ಷ ಅಲ್ಲಿ ಸುಣ್ಣ ಹಿಡಿಯುವುದಿಲ್ಲ. ತೆಂಗಿನ ಗೆರಟೆಯಲ್ಲಿ ಮರಳು ತುಂಬಿ ಅದರಲ್ಲಿ ನೆಡಿ. ಗೊಂಡೆಹೂ ಒದ್ದೆಯಾದರೆ ಹಳದಿ ಬಿಡುತ್ತದೆ, ಬಾಳೆಲೆಯ ಮೇಲಿಡಿ. ಪಟ್ಟಿಗೆ ಹೆಸರು ಕೊಡುವಾಗ ಮನೆಯ ಹೆಸರನ್ನೂ ಬರೆಯಿರಿ. ಬರೇ ‘ಡಿ’ಸೋಜಾ ಕುಟುಂಬ’ ಎಂದು ಕೊಟ್ಟರೆ ಈ ಊರಿನಲ್ಲಿ ಯಾರೆಂದು ಹೇಳುವುದು?

ಭಾನುವಾರ ಓದುವ ಪಟ್ಟಿಯ ಕೊನೆಗೆ ಸಂಜೆ ಸೇರಿಸಿದ್ದು ಮೂರು ಸಾಲು:

ನಾಲ್ಕನೇ ಸಾಲು, ಪಾಗಾರದಿಂದ ಆರನೆಯದು, ಓದಲಾಗಲಿಲ್ಲ.
ಪಡುಬದಿಯಲ್ಲಿ ಕಲ್ಲಿಲ್ಲದೆ ಮಲಗಿದವರು.
ಮಕ್ಕಳಿಗೆ ನೀರು ಹೊಯ್ದ ಸೂಲಗಿತ್ತಿಯರು.