ಸೈಟಿನ ಗೆರೆ ಮುಗಿಯುವ ಜಾಗ

ಕಟ್ಟಡದ ನಕ್ಷೆ ಬರೆಯುವುದು ನನ್ನ ಕೆಲಸ, 18 ವರ್ಷದಿಂದ. ನನ್ನ ಹಾಳೆಯಲ್ಲಿ ಸೈಟಿನ ಗಡಿಗೆ ಒಂದು ದಪ್ಪ ಗೆರೆ ಇರುತ್ತದೆ. ಅದರ ಒಳಗೆ ಒಂದೊಂದು ಮೆಟ್ಟಿಲಿಗೂ ಅಳತೆ. ಹೊರಗೆ ಎರಡು ಉದ್ದ ಗೆರೆ ಎಳೆದು ನಡುವೆ ‘ರಸ್ತೆ’ ಅಂತ ಬರೆದರೆ ಮುಗಿಯಿತು. ನಗರ ಯೋಜನೆಯವರ ನಕ್ಷೆ ಇದಕ್ಕೆ ತದ್ವಿರುದ್ಧ: ರಸ್ತೆಯ ಅಗಲ, ಚರಂಡಿ, ತಿರುವು ಎಲ್ಲ ಅಲ್ಲಿರುತ್ತವೆ, ಕಟ್ಟಡ ಮಾತ್ರ ಬಣ್ಣ ತುಂಬಿದ ಒಂದು ಚೌಕ. ಜನ ನಡೆಯುವುದು ಆ ಗೆರೆಯ ಪಕ್ಕದಲ್ಲೇ. ಗೆರೆಯ ಆಚೆ ಎರಡು ಮೀಟರು, ಈಚೆ ಎರಡು ಮೀಟರು. ಅಷ್ಟನ್ನು ನಾನೂ ಬರೆಯುವುದಿಲ್ಲ, ಅವರೂ ಬರೆಯುವುದಿಲ್ಲ.

ಇದು ನನಗೆ ಮನವರಿಕೆಯಾಗಿದ್ದು ಒಂದು ಗೋಡೆಯ ಪಕ್ಕ ನಿಂತಾಗ. ಅದು ನಾನೇ ಬರೆದ ವಸತಿ ಸಮುಚ್ಚಯದ ಕಾಂಪೌಂಡ್, ಉದ್ದ 160 ಮೀಟರ್. ಕಟ್ಟಡ ನಿಯಮಗಳ (ಬೈಲಾ) ಪ್ರಕಾರ ಎಲ್ಲ ಸರಿಯಿತ್ತು. ಗಡಿಗೂ ಕಟ್ಟಡಕ್ಕೂ ನಡುವೆ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಬಿಟ್ಟಿದ್ದೆ, ಬಿಟ್ಟ ಜಾಗವನ್ನು ಪಾರ್ಕಿಂಗಿಗೆ ಕೊಟ್ಟಿದ್ದೆ, ಒಂದೇ ಗೇಟ್ ಇಟ್ಟರೆ ಕಾವಲು ಸುಲಭ ಅಂತ ಒಂದೇ ಇಟ್ಟಿದ್ದೆ. ಕೆಲಸ ನಡೆಯುವಾಗ ನೂರು ಸಲ ಹೋಗಿದ್ದೇನೆ, ಪ್ರತಿ ಸಲವೂ ಕಾರಿನಲ್ಲಿ. ಜನ ಬಂದು ಸೇರಿದ ಮೇಲೆ ಒಂದು ಸಂಜೆ ಬಸ್ಸಿಳಿದು ನಡೆದು ಹೋದೆ. ಮುಂದೆ ಒಬ್ಬ ಅಜ್ಜಿ ಎರಡೂ ಕೈಯಲ್ಲಿ ಚೀಲ ಹಿಡಿದು ಹೋಗುತ್ತಿದ್ದರು. ಅರ್ಧ ದಾರಿಯಲ್ಲಿ ನಿಂತು, ಚೀಲಗಳನ್ನು ಕಾಲ ಬಳಿ ಇಟ್ಟು, ಅಂಗೈಯನ್ನು ಗೋಡೆಗೆ ಒತ್ತಿ ಉಸಿರು ತೆಗೆದುಕೊಂಡರು. ಗೋಡೆಗೆ ಒರಟು ಗಾರೆ ಮಾಡಿಸಿದ್ದೆ, ಪೋಸ್ಟರ್ ಅಂಟಿಸಬಾರದು ಅಂತ. ಅವರು ಕೈ ತೆಗೆದಾಗ ಅಂಗೈ ತುಂಬ ಆ ಗಾರೆಯ ಗುರುತು ಮೂಡಿತ್ತು.

‘ಈ ಗೋಡೆ ಎಲ್ಲಿಗೆ ಮುಗಿಯುತ್ತಮ್ಮಾ?’ ಅಂದರು.

‘ಇನ್ನೂ ಸ್ವಲ್ಪ ಇದೆ ಅಜ್ಜಿ’ ಅಂದೆ. ಚೀಲ ನಾನು ಎತ್ತಿಕೊಂಡೆ. ಅವರ ಮನೆ ಗೋಡೆಯ ಆ ಕಡೆಯೇ, ಬಸ್ ನಿಲ್ದಾಣದಿಂದ ಕಲ್ಲೆಸೆದರೆ ಬೀಳುವಷ್ಟು ದೂರ. ಗೇಟು ಸುತ್ತಿ ಬರಬೇಕಾದ್ದರಿಂದ ಹದಿನೈದು ನಿಮಿಷ ಹಿಡಿಯಿತು.

ಆ ಮೇಲೆ ನಾನು ಊರುಗಳ ನಕ್ಷೆ ನೋಡುವ ರೀತಿಯೇ ಬೇರೆಯಾಯಿತು. ಮೊದಲು ಕಣ್ಣು ಹೋಗುವುದು ಬ್ಲಾಕಿನ ಅಳತೆಗೆ, ಅಂದರೆ ಒಂದು ಅಡ್ಡರಸ್ತೆಯಿಂದ ಮುಂದಿನ ಅಡ್ಡರಸ್ತೆಯವರೆಗಿನ ಜಾಗಕ್ಕೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಹಳೆಯ ಭಾಗದಲ್ಲಿ ಒಂದು ಬ್ಲಾಕ್ 200 ಅಡಿ, ಅಂದರೆ ಸುಮಾರು 61 ಮೀಟರ್. ಸಾಲ್ಟ್ ಲೇಕ್ ಸಿಟಿಯಲ್ಲಿ ಅದೇ 660 ಅಡಿ. ಐದು ನಿಮಿಷ ನಡೆಯಿರಿ, 400 ಮೀಟರ್ ಆಗುತ್ತದೆ. ರಸ್ತೆಗಳ ಅಗಲವನ್ನೂ ಸೇರಿಸಿದರೆ ಮೊದಲನೆಯ ಊರಿನಲ್ಲಿ ಅಷ್ಟರಲ್ಲಿ ಐದು ಅಡ್ಡರಸ್ತೆ ಸಿಗುತ್ತವೆ, ಎರಡನೆಯದರಲ್ಲಿ ಒಂದೇ ಒಂದು. ಬಿಸಿಲು ಕಂಡರೆ ನೆರಳಿನ ಕಡೆ ತಿರುಗಲು, ದಾರಿ ತಪ್ಪಿದರೆ ಬೇಗ ಸರಿಮಾಡಿಕೊಳ್ಳಲು ಒಂದು ಕಡೆ ಐದು ಸಲ ಅವಕಾಶ, ಇನ್ನೊಂದು ಕಡೆ ಒಂದೇ ಸಲ. ಇದು ಪೂರ್ತಿ ಯೋಜನೆಯವರ ಕೈಯಲ್ಲಿರುವ ಸಂಗತಿ. ಒಮ್ಮೆ ಗೆರೆ ಎಳೆದರೆ ನೂರಾರು ವರ್ಷ ಯಾರೂ ಅಳಿಸಲಾರರು. ನಾನು 160 ಮೀಟರ್ ಗೋಡೆ ಬರೆಯಲು ಸಾಧ್ಯವಾದದ್ದೂ ನನಗೆ ಅಷ್ಟು ದೊಡ್ಡ ಸೈಟನ್ನು ತುಂಡರಿಸದೆ ಕೊಟ್ಟಿದ್ದರಿಂದ.

ಬ್ಲಾಕ್ ಚಿಕ್ಕದಿದ್ದರೆ ಸಾಕು ಅಂತಲೂ ಹೇಳಲಾರೆ. ಚಿಕ್ಕ ಬ್ಲಾಕಿನ ನಾಲ್ಕೂ ಕಡೆ ಪಾರ್ಕಿಂಗ್ ಶಟರ್ ಇಳಿಬಿಟ್ಟರೆ ಅಲ್ಲಿ ಯಾರು ನಡೆಯುತ್ತಾರೆ? ಸಾಧಾರಣ ನಡಿಗೆಯಲ್ಲಿ ಆರು ಮೀಟರಿಗೊಂದು ಬಾಗಿಲು ಬಂದರೆ ನಾಲ್ಕೈದು ಸೆಕೆಂಡಿಗೊಮ್ಮೆ ಕಣ್ಣಿಗೆ ಹೊಸದೇನೋ ಸಿಗುತ್ತದೆ. ಕುರುಡು ಗೋಡೆಯಾದರೆ ಅದೇ ದಾರಿ ಎರಡು ಪಟ್ಟು ಉದ್ದ ಅನ್ನಿಸುತ್ತದೆ. ಬಾಗಿಲು, ಕಿಟಕಿ, ನೆರಳು, ಕೂರಲು ಮೊಣಕಾಲೆತ್ತರದ ಕಟ್ಟೆ, ಇವೆಲ್ಲ ನಮ್ಮವರ ಕೆಲಸ.

ಯೋಜನೆಯವರ ಕೆಲಸ, ನಮ್ಮ ಕೆಲಸ ಎರಡೂ ಒಂದಾದದ್ದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಇಟಲಿಯ ಬೊಲೊನ್ಯಾ. ವಿಶ್ವವಿದ್ಯಾಲಯದಿಂದಾಗಿ ಊರಿಗೆ ಜನ ಬಂದು ತುಂಬಿದರು. ಜಾಗ ಸಾಲದೆ ಮಾಲೀಕರು ಮೇಲಿನ ಅಂತಸ್ತನ್ನು ಬೀದಿಯ ಮೇಲಕ್ಕೆ ಚಾಚಿದರು, ಅದಕ್ಕೆ ಮರದ ಕಂಬ ಕೊಟ್ಟರು. ಸಾರ್ವಜನಿಕ ಜಾಗದ ಒತ್ತುವರಿ ಅಂತ ಅದನ್ನೆಲ್ಲ ಕೆಡವಿಸಬಹುದಿತ್ತು. ಬದಲಿಗೆ ಊರಿನ ಆಡಳಿತ 1288ರಲ್ಲಿ ಕಟ್ಟಳೆ ಮಾಡಿತು: ಹೊಸ ಮನೆ ಕಟ್ಟುವವರೆಲ್ಲ ಮುಂದೆ ಕಂಬಸಾಲಿನ ಚಾವಣಿ ಕಟ್ಟಲೇಬೇಕು, ಅದರಡಿ ಜನ ಓಡಾಡಲು ಬಿಡಲೇಬೇಕು. ಕುದುರೆ ಸವಾರನೂ ಹಾದುಹೋಗುವಷ್ಟು ಎತ್ತರ ಇರಬೇಕು ಅಂತಲೂ ನಿಯಮ ಬಂತು. ಕಂಬ ಮಾಲೀಕನದು, ಮೇಲಿನ ಕೋಣೆ ಮಾಲೀಕನದು, ಕೆಳಗಿನ ನಡಿಗೆ ಊರಿನದು. ಇವತ್ತು ಆ ಊರಿನಲ್ಲಿ ಇಂಥ ಕಂಬಸಾಲುಗಳು ಒಟ್ಟು 62 ಕಿಲೋಮೀಟರ್ ಇವೆ. 2021ರಲ್ಲಿ ಅವು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ನನ್ನನ್ನು ಹಿಡಿದು ನಿಲ್ಲಿಸುವುದು ಪಟ್ಟಿಗಿಂತ ಆ ಕಟ್ಟಳೆಯ ಜಾಣತನ. ಅದು ಗಡಿ ಗೆರೆಯ ಮೇಲೆಯೇ ಕಟ್ಟಿ ಅಂತ ಹೇಳಿತು, ಹೇಗೆ ಕಟ್ಟಬೇಕು ಅಂತಲೂ ಹೇಳಿತು, ಅಲಂಕಾರವನ್ನು ಕಟ್ಟುವವರಿಗೆ ಬಿಟ್ಟಿತು.

ನ್ಯೂಯಾರ್ಕ್ 1961ರಲ್ಲಿ ಇದಕ್ಕೆ ಹತ್ತಿರದ್ದೇ ಒಂದು ಆಸೆ ಇಟ್ಟುಕೊಂಡಿತ್ತು. ಕಟ್ಟಡದ ಮುಂದೆ ಜನರಿಗೆ ತೆರೆದ ಜಾಗ ಬಿಟ್ಟರೆ ಹೆಚ್ಚು ಅಂತಸ್ತಿಗೆ ಅನುಮತಿ. ಜಾಗವೇನೋ ಬಿಟ್ಟರು. ಕೂರಲು ಏನಿರಬೇಕು ಅನ್ನುವುದನ್ನು ನಿಯಮ ಹೇಳಿರಲಿಲ್ಲ, ಹಾಗಾಗಿ ಎಷ್ಟೋ ಕಡೆ ಬರೀ ಕಲ್ಲು ಹಾಸಿದ ಬಯಲು ಉಳಿಯಿತು. 1975ರಲ್ಲಿ ನಿಯಮ ತಿದ್ದಿ ಆಸನ, ಮರ ಇರಲೇಬೇಕು ಎಂದರು.

ಬಾರ್ಸಿಲೋನಾದ ವಿಸ್ತರಣೆಗೆ 1859ರಲ್ಲಿ ಮಂಜೂರಾದ ಯೋಜನೆಯಲ್ಲಿ ಇಂಜಿನಿಯರ್ ಇಲ್ದೆಫೊನ್ಸ್ ಸೆರ್ದಾ 20 ಮೀಟರ್ ಅಗಲದ ಬೀದಿಯಲ್ಲಿ ಅರ್ಧವನ್ನು ನಡೆಯುವವರಿಗೇ ಇಟ್ಟಿದ್ದರು. ಎರಡೂ ಕಡೆ ಐದೈದು ಮೀಟರ್! ನಾವು ಒಂದೂವರೆ ಮೀಟರಿಗೆ ಒದ್ದಾಡುವಾಗ ಇದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ನನ್ನ ಗೋಡೆಯ ಕಥೆ ಅಲ್ಲಿಗೆ ನಿಂತಿಲ್ಲ. ನಿವಾಸಿಗಳ ಸಂಘಕ್ಕೆ ನಾನೇ ಹೋಗಿ, ಬಸ್ ನಿಲ್ದಾಣದ ಎದುರು ಗೋಡೆ ಒಡೆದು ಒಂದು ಚಿಕ್ಕ ಗೇಟು ಇಡೋಣ, ಕೆಲಸದ ಹಣ ನನಗೆ ಬೇಡ ಅಂದೆ. ಕಳ್ಳತನದ ಭಯ, ಕಾವಲಿನ ಖರ್ಚು, ಎಲ್ಲ ಮಾತೂ ಬಂತು. ಎರಡು ವರ್ಷ ಹಿಡಿಯಿತು. ಕೊನೆಗೆ 1.2 ಮೀಟರ್ ಅಗಲದ ಗೇಟು ಬಂತು, ಗಾಲಿಕುರ್ಚಿ ದಾಟುವಷ್ಟು. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ.

ಗೇಟು ಬಂದ ದಿನ ನೋಡಿದರೆ ಹೊರಗೆ ತೆರೆದ ಚರಂಡಿ! ನನ್ನ ಹಾಳೆಯಲ್ಲಿ ಅದು ಇರಲಿಲ್ಲ, ಗೆರೆಯಿಂದಾಚೆ ಅಲ್ಲವೇ. ಯೋಜನೆಯವರ ಹಾಳೆಯಲ್ಲಿ ನನ್ನ ಗೇಟು ಇರಲಿಲ್ಲ. ಅರ್ಜಿ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಹೋದ ವಾರ ಹೋದಾಗ ಯಾರೋ ಒಂದು ಕಲ್ಲು ಚಪ್ಪಡಿ ತಂದು ಚರಂಡಿಯ ಮೇಲೆ ಹಾಕಿದ್ದರು. ಮಕ್ಕಳು ಅದನ್ನು ದಾಟಿ ಬಸ್ಸಿಗೆ ಓಡುತ್ತಿದ್ದರು. ಚಪ್ಪಡಿ ಒಂದು ಕಡೆ ಸ್ವಲ್ಪ ಅಲುಗಾಡುತ್ತದೆ. ಅದರ ಅಳತೆ ತೆಗೆದು ಗಡಿ ಗೆರೆಯಾಚೆಗೂ ಸೇರಿಸಿ ಒಂದು ನಕ್ಷೆ ಬರೆದಿದ್ದೇನೆ. ಸೋಮವಾರ ಅದನ್ನು ಹಿಡಿದುಕೊಂಡು ಮತ್ತೆ ಕಚೇರಿಗೆ ಹೋಗುತ್ತೇನೆ.