ಹುಳ ಹರದಾಡೋದಕ್ಕ ಲೆಕ್ಕಾ ಯಾಕ್ರಿ ಸರ?

ನನ್ನ ಸಂಶೋಧನೆ ಹುಳಗಳ ಹರಿದಾಟದ ಗಣಿತದ ಬಗ್ಗೆ ಎಂದು ಹೇಳಿದರೆ ಸಾಕು, ಬಾಗಲಕೋಟೆಯಲ್ಲಿ ಇದೇ ಪ್ರಶ್ನೆ: "ಹುಳಾ ಹ್ಯಾಂಗ ಹರದಾಡತೈತಿ ಅಂತ ಕಣ್ಣಿಗೇ ಕಾಣತೈತಲ್ರಿ, ಅದಕ್ಕ ಗಣಿತ ಯಾಕ ಬೇಕು?"

ಕಣ್ಣಿಗೆ ಕಾಣುವುದು ಬಳುಕು ಮಾತ್ರ. ಮೈ ಬಳುಕುವುದು ಅಡ್ಡಡ್ಡ, ಹುಳ ಹೋಗುವುದು ಮುಂದಕ್ಕೆ. ಅದು ಹೇಗೆ? ಇದು ನನಗೆ ಇವತ್ತಿಗೂ ಬೆರಗು.

ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಹುಳ ಸಿ. ಎಲಿಗನ್ಸ್, ನೆಮಟೋಡ್ ಎಂಬ ದುಂಡುಹುಳಗಳ ಗುಂಪಿನದು. ಉದ್ದ ಸುಮಾರು 1 ಮಿ.ಮೀ., ನರಕೋಶಗಳು 302. ಅವುಗಳ ಜೋಡಣೆಯ ನಕ್ಷೆ 1986ರಲ್ಲೇ ಪ್ರಕಟವಾಯಿತು. ಆದರೆ ನಕ್ಷೆ ಇದ್ದ ಮಾತ್ರಕ್ಕೆ ನಡಿಗೆ ತಿಳಿಯಲಿಲ್ಲ. ಅಷ್ಟು ಸಣ್ಣ ಜೀವಿಗೆ ನೀರಿನ ಸ್ನಿಗ್ಧತೆಯೇ (ಅಂಟಂಟಾಗಿ ತಡೆಯುವ ಗುಣ) ದೊಡ್ಡದು, ಜಡತ್ವ (ಹೊರಟ ವೇಗದಲ್ಲೇ ಮುಂದುವರಿಯುವ ಗುಣ) ಲೆಕ್ಕಕ್ಕಿಲ್ಲ. ಬಳುಕು ನಿಂತರೆ ಹುಳವೂ ಅಲ್ಲೇ ನಿಲ್ಲುತ್ತದೆ. ಹಾಗಾಗಿ ನ್ಯೂಟನ್ನನ ಸಮೀಕರಣದಿಂದ ವೇಗೋತ್ಕರ್ಷವನ್ನು ಕೈಬಿಟ್ಟು, ಪ್ರತಿ ಕ್ಷಣವೂ ಬಲಗಳ ಮೊತ್ತ ಸೊನ್ನೆ ಎಂದು ಬರೆಯುತ್ತೇವೆ.

1955ರಲ್ಲಿ ಗ್ರೇ ಮತ್ತು ಹ್ಯಾನ್‌ಕಾಕ್ ಎಂಬ ವಿಜ್ಞಾನಿಗಳು ಕಡಲ ಮುಳ್ಳುಜೀವಿಯ ವೀರ್ಯಾಣುಗಳ ಈಜನ್ನು ಲೆಕ್ಕ ಹಾಕಲು ಒಂದು ದಾರಿ ಹಾಕಿಕೊಟ್ಟರು. ಮೈಯನ್ನು ಸಣ್ಣ ತುಂಡುಗಳೆಂದು ಭಾವಿಸಿ, ಪ್ರತಿ ತುಂಡಿಗೂ ಎರಡು ತಡೆ ಕೊಡುವುದು: ಉದ್ದಕ್ಕೊಂದು, ಅಡ್ಡಕ್ಕೊಂದು. ಮುಧೋಳದ ಕಡೆ ಬೆಲ್ಲದ ಪಾಕದಲ್ಲಿ ಕೋಲು ಆಡಿಸಿದವರಿಗೆ ಗೊತ್ತು, ಉದ್ದಕ್ಕೆ ಎಳೆದರೆ ಸರಾಗ, ಅಡ್ಡ ಎಳೆದರೆ ಭಾರ. ಈ ವ್ಯತ್ಯಾಸವೇ ಅಡ್ಡ ಬಳುಕನ್ನು ಮುಂದಿನ ಓಟವಾಗಿಸುತ್ತದೆ. ಆ ಎರಡು ತಡೆಗಳು ಸಮವಾಗಿದ್ದರೆ, ಎಷ್ಟೇ ಬಳುಕಿದರೂ ವೇಗ ಸೊನ್ನೆ ಎನ್ನುತ್ತದೆ ಸಮೀಕರಣ. ಇದನ್ನು ಯಾವ ಸೂಕ್ಷ್ಮದರ್ಶಕವೂ ತೋರಿಸದು. ಪ್ರಕೃತಿಯಲ್ಲಿ ಅಂಥ ನೀರೇ ಇಲ್ಲ.

ನೀರಿನಲ್ಲಿ ಅಡ್ಡ ತಡೆ ಉದ್ದದ ತಡೆಯ ಎರಡು ಪಟ್ಟಿನ ಒಳಗೇ ಇರುತ್ತದೆ. ಪ್ರಯೋಗಾಲಯದಲ್ಲಿ ಹುಳ ಸಾಕುವ ಅಗಾರ್ ಎಂಬ ಜೆಲ್ಲಿಯ ಮೇಲೆ ಹುಳ ತನ್ನದೇ ಸಾಲು ಕೊರೆದುಕೊಳ್ಳುವುದರಿಂದ ಅದು ಹಲವು ಪಟ್ಟು. ನೀರಿನಲ್ಲಿ ಸೆಕೆಂಡಿಗೆ ಸುಮಾರು ಎರಡು ಬಳುಕು, ಉದ್ದನೆಯ ಅಲೆ. ಅಗಾರ್ ಮೇಲೆ ಎರಡು ಸೆಕೆಂಡಿಗೊಂದು, ಗಿಡ್ಡ ಅಲೆ. ಇವು ಎರಡು ಬೇರೆ ನಡಿಗೆಗಳೇ? ನೀರನ್ನು ಸ್ವಲ್ಪಸ್ವಲ್ಪವೇ ಗಟ್ಟಿ ಮಾಡುತ್ತ ಹೋದಾಗ ಈಜು ಎಲ್ಲೂ ಕಡಿಯದೆ ತೆವಳಿಕೆಯಾಗುತ್ತದೆ. ಮೈ ಬಾಗಿದ್ದನ್ನು ನರಗಳಿಗೆ ತಿಳಿಸುವ ಒಂದೇ ಗಣಿತದ ಮಾದರಿಯಿಂದಲೂ ಎರಡನ್ನೂ ಪಡೆಯಬಹುದು. ನನ್ನ ಮಟ್ಟಿಗೆ ಈ ವಿಷಯದ ಅತಿ ಚೆಲುವಾದ ಭಾಗ ಇದೇ.

"ಹಂಗಾರ ನಮ್ಮ ದಾಳಿಂಬಿ ಬೇರಿಗೆ ಗಂಟು ಮಾಡೋ ನೆಮಟೋಡ್ ಇದರಿಂದ ಸಾಯ್ತಾವೇನ್ರಿ?" ಎಂಬುದು ಅವರ ಮುಂದಿನ ಪ್ರಶ್ನೆ. ಇಲ್ಲ. ಆದರೆ ಸುಮಾರು 0.4 ಮಿ.ಮೀ. ಉದ್ದದ ಆ ನೆಮಟೋಡಿನ ಮರಿಯು ಬೇರನ್ನು ಮುಟ್ಟಲು ಮಣ್ಣಿನ ಕಣಗಳ ನಡುವಿನ ನೀರಿನ ಪೊರೆಯಲ್ಲೇ ಸಾಗಬೇಕು. ಎರಿ ನೆಲಕ್ಕಿಂತ ಮರಳು ಮಿಶ್ರಿತ ಹಗುರ ನೆಲದಲ್ಲಿ ಅದರ ಕಾಟ ಹೆಚ್ಚು. ಮಣ್ಣಿನಲ್ಲಿ ತಡೆ ಎಲ್ಲೆಡೆ ಒಂದೇ ಅಲ್ಲ, ಕಣಕ್ಕೆ ತಾಗಿದಲ್ಲಿ ಒಂದು, ಸಂದಿಯಲ್ಲಿ ಇನ್ನೊಂದು. ಹಳೆಯ ಎರಡು ತಡೆಗಳ ಸಮೀಕರಣ ಸಾಲದು. ಎಷ್ಟು ತೇವದಲ್ಲಿ, ಎಷ್ಟು ದೂರದಿಂದ ಅದು ಬೇರಿಗೆ ಬಂದು ಸೇರಬಲ್ಲದು ಎಂಬುದೇ ನಾನು ಈಗ ಹಾಕುತ್ತಿರುವ ಲೆಕ್ಕ.