ನೀರು ಇಳಿದ ದಾರಿಯಲ್ಲಿ ಚಿತ್ರದುರ್ಗ

ಚಿತ್ರದುರ್ಗಕ್ಕೆ ಬರುವವರಲ್ಲಿ ಹೆಚ್ಚಿನವರು ಏಳು ಸುತ್ತಿನ ಕೋಟೆ ಹತ್ತಿ, ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು, ಊಟದ ಹೊತ್ತಿಗೆ ಹೆದ್ದಾರಿ ಹಿಡಿಯುತ್ತಾರೆ. ಇದೇ ಊರಿನವಳಾದ ನಾನೂ ನನ್ನ ಪ್ರವಾಸ ಬರಹಗಳಲ್ಲಿ ಬಹುಕಾಲ ಅಷ್ಟನ್ನೇ ಬರೆಯುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಮಾತ್ರ ಕೋಟೆಯ ಮೇಲಿನಿಂದ ನೀರಿನ ಜಾಡು ಹಿಡಿದು ಪೇಟೆಗೆ ಇಳಿದೆ.

ಬಂಡೆಗಳ ಮೇಲೆ ಸುರಿದ ಮಳೆ ಮೊದಲು ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲುತ್ತದೆ. ಅದು ತುಂಬಿ ಮಿಕ್ಕ ನೀರು ಅಕ್ಕ-ತಂಗಿ ಹೊಂಡಗಳಿಗೆ, ಅಲ್ಲಿಂದ ಬೆಟ್ಟದ ಬುಡದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುತ್ತದೆ. ಬೆಟ್ಟದ ಇಳಿಜಾರೊಂದನ್ನೇ ನಂಬಿ ಮಾಡಿದ ಏರ್ಪಾಡು ಇದು. 1779ರಲ್ಲಿ ಹೈದರಾಲಿಯ ವಶವಾಗುವ ಮುನ್ನ ಈ ದುರ್ಗ ಮುತ್ತಿಗೆಗಳನ್ನು ತಾಳಿಕೊಂಡದ್ದರಲ್ಲಿ ಗೋಡೆ, ಬುರುಜುಗಳಷ್ಟೇ ಪಾಲು ಈ ನೀರಿಗೂ ಇದೆ ಎಂದು ನಾನು ನಂಬುತ್ತೇನೆ.

ಸಂತೆಹೊಂಡದ ಮೆಟ್ಟಿಲ ಮೇಲೆ ಒಂದು ಗಂಟೆ ಕುಳಿತಿದ್ದೆ. ಕಲ್ಲುಗಳ ಸಂದಿಯಲ್ಲಿ ಹಸಿರು ಪಾಚಿ, ಅದರ ಮೇಲೆ ಸಾಲಾಗಿ ನಡೆಯುವ ಇರುವೆ, ಕೆಳಗೆ ಹಸಿರುಗಟ್ಟಿದ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಕವರುಗಳು. ಆ ಕವರುಗಳನ್ನು ಕಂಡು ಮನಸ್ಸಿಗೆ ನೋವಾಯಿತು. ಅಲ್ಲೇ ಕುಳಿತಿದ್ದ ಹಿರಿಯರೊಬ್ಬರು ತಾವಾಗಿಯೇ ಮಾತಿಗಿಳಿದರು: "ಮೇಲೆ ಅಕ್ಕ-ತಂಗಿ ಕೋಡಿ ಬಿದ್ರೆ ನಮಗೆ ಯಾರೂ ಹೇಳ್ಬೇಕಾಗಿರ್ಲಿಲ್ಲ ತಾಯಿ, ಇಲ್ಲಿ ನೀರಿನ ಬಣ್ಣಾನೇ ಬದಲಾಗ್ತಿತ್ತು." ಕೋಟೆಯ ಬಗ್ಗೆ ನಾನು ಕೇಳಿರುವ ಎಷ್ಟೋ ಮಾತುಗಳಿಗಿಂತ ಇದು ನನಗೆ ಹೆಚ್ಚಿನದು, ಬೆಟ್ಟದಲ್ಲಿ ಆದದ್ದನ್ನು ಪೇಟೆಯ ಜನ ನೀರಿನಲ್ಲಿ ಓದುತ್ತಿದ್ದರು.

ನೀವು ಬರುವುದಾದರೆ ಒಳ್ಳೆಯ ಮಳೆಯಾದ ಮರುದಿನ ಬೆಳಿಗ್ಗೆ ಬನ್ನಿ. ಕೋಟೆಯಿಂದ ಇಳಿದ ಮೇಲೆ ಆಟೊ ಹತ್ತದೆ, ಸಿಹಿನೀರು ಹೊಂಡವನ್ನು ಕೇಳಿಕೊಂಡು ನಡೆಯಿರಿ. ರಂಗಯ್ಯನ ಬಾಗಿಲ ಬಳಿಯ ವಸ್ತುಸಂಗ್ರಹಾಲಯಕ್ಕೂ ಸ್ವಲ್ಪ ಬಿಡುವು ಇಟ್ಟುಕೊಳ್ಳಿ. ಅಕ್ಕ-ತಂಗಿ ಹೊಂಡದ ಬಳಿ ಸದ್ದು ಮಾಡದೆ ನಿಂತರೆ ನೀರು ಕಲ್ಲಿನಿಂದ ಕಲ್ಲಿಗೆ ಇಳಿಯುವುದು ಕೇಳುತ್ತದೆ. ಮೆಟ್ಟಿಲು ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.